ಮರ ಕಡಿತಲೆ ಮತ್ತು ಭೂ ಅಭಿವೃದ್ಧಿ ಗುತ್ತಿಗೆದಾರರಿಗೆ ಯಂತ್ರೋಪಕರಣ ಹಾಗೂ ಕೆಲಸಗಳ ಕುರಿತು ಮಾಹಿತಿ

ಖಾಸಗಿ ಜಮೀನು ಹಾಗೂ ತೋಟಗಳಲ್ಲಿ ಮರ ಕಡಿಯುವುದು, ಮರಗಸಿ ಮಾಡುವುದು, ಬೊಡ್ಡೆ ಕೀಳುವುದು, ಭೂಮಿ ಸಮತಟ್ಟು ಮಾಡುವುದು ಮತ್ತು ಕೃಷಿ ಹೊಂಡ ತೋಡುವುದು ಮುಂತಾದ ಕೆಲಸಗಳು ಬಹುಮಟ್ಟಿಗೆ ಬಾಯಿ ಮಾತಿನ ಗುತ್ತಿಗೆಯ ಮೇಲೆ ನಡೆಯುತ್ತವೆ. ಅನುಮತಿ ಇಲ್ಲದೆ ಕಡಿತಲೆ, ಅಳತೆಯಲ್ಲಿ ತಕರಾರು ಮತ್ತು ಕೆಲಸದ ವೇಳೆ ಅಪಘಾತ, ಈ ಮೂರು ಕಾರಣಗಳಿಂದ ಗುತ್ತಿಗೆದಾರರು ಹೆಚ್ಚಾಗಿ ತೊಂದರೆಗೆ ಒಳಗಾಗುತ್ತಾರೆ. ಅವುಗಳನ್ನು ತಪ್ಪಿಸಲು ನೆರವಾಗುವ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಕೆಲಸ ಒಪ್ಪಿಕೊಳ್ಳುವ ಮುನ್ನ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ಸ್ವಂತ ಜಮೀನಿನ ಮರವನ್ನು ಕಡಿಯುವುದಕ್ಕೂ ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅಗತ್ಯ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ತೆಂಗು, ರಬ್ಬರ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಕಡಿಯಲು ವಿನಾಯಿತಿ ಇದೆ ಎಂದ ಮಾತ್ರಕ್ಕೆ ಸಾಗಣೆಗೂ ವಿನಾಯಿತಿ ಇದೆ ಎಂದು ಭಾವಿಸತಕ್ಕದ್ದಲ್ಲ. ರಹದಾರಿ ಬೇಕೇ ಬೇಡವೇ ಎಂಬುದನ್ನು ಲಾರಿಗೆ ತುಂಬುವ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು ಸೂಕ್ತ. ಶ್ರೀಗಂಧದ ಮರ ಇರುವ ಜಮೀನಿನಲ್ಲಿ ಇತರೆ ಮರಗಳ ಕೆಲಸಕ್ಕೆ ಹೋಗುವವರು ಅದನ್ನು ಮೊದಲೇ ಗುರುತಿಸಿ, ಅದರ ಹತ್ತಿರಕ್ಕೆ ಯಂತ್ರ ಒಯ್ಯದಿರುವುದು ಕ್ಷೇಮ.

ಅರ್ಜಿ ಸಲ್ಲಿಸಬೇಕಾದವರು ಜಮೀನಿನ ಮಾಲೀಕರು. ಆದರೆ ಅನುಮತಿ ಇಲ್ಲದ ಮರ ಉರುಳಿದಾಗ ಸ್ಥಳದಲ್ಲಿ ಸಿಗುವವರು ಗುತ್ತಿಗೆದಾರರು, ಸಿಗುವುದು ಅವರ ಗರಗಸ ಮತ್ತು ವಾಹನ. ಆದ್ದರಿಂದ ಅನುಮತಿ ಪತ್ರದ ನಕಲನ್ನು ಕೈಯಲ್ಲಿ ಇಟ್ಟುಕೊಂಡು, ಅದರಲ್ಲಿರುವ ಸರ್ವೆ ನಂಬರು, ಮರಗಳ ಜಾತಿ ಮತ್ತು ಸಂಖ್ಯೆಯನ್ನು ಸ್ಥಳದಲ್ಲಿ ತಾಳೆ ನೋಡಿದ ನಂತರವೇ ಕೆಲಸ ಆರಂಭಿಸಬೇಕು. ಗಡಿಯಲ್ಲಿರುವ ಮರದ ಬಗ್ಗೆ ಸಂಶಯವಿದ್ದಲ್ಲಿ ಅಳತೆ ಆಗುವವರೆಗೆ ಅದನ್ನು ಮುಟ್ಟಬಾರದು.

ಅಳತೆ

ನಾಟಾ ವ್ಯಾಪಾರದಲ್ಲಿ ದಿಮ್ಮಿಯ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸುವ ಕ್ರಮ ರೂಢಿಯಲ್ಲಿದೆ. 4 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿಯು ಈ ಲೆಕ್ಕದಲ್ಲಿ 10 ಘನ ಅಡಿ. ಅದೇ ದಿಮ್ಮಿಯ ನಿಜವಾದ ಘನ ಅಳತೆ ಸುಮಾರು 12.7 ಘನ ಅಡಿ. ಕೊಯ್ಯುವಾಗ ಆಗುವ ನಷ್ಟಕ್ಕಾಗಿ ಬಿಟ್ಟ ಪಾಲು ಇದೆಂದು ವ್ಯಾಪಾರಿಗಳು ಹೇಳುವರು. ಅದು ಸರಿಯಿರಬಹುದಾದರೂ, ಯಾವ ಕ್ರಮದಲ್ಲಿ ಅಳೆಯಲಾಗುವುದು, ಸುತ್ತಳತೆಯನ್ನು ತೊಗಟೆ ಸಹಿತ ತೆಗೆಯಬೇಕೇ ರಹಿತವೇ ಎಂಬುದನ್ನು ಮಾಲೀಕರಿಗೆ ಮೊದಲೇ ತಿಳಿಸದಿದ್ದಲ್ಲಿ ತಕರಾರು ಖಂಡಿತ.

ಕೃಷಿ ಹೊಂಡದ ವಿಷಯದಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುತ್ತದೆ. ಮೇಲ್ಭಾಗ 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳ ಎಂದೊಡನೆ 300 ಘನ ಮೀಟರ್ ಎಂದು ಲೆಕ್ಕ ಹಾಕುವವರಿದ್ದಾರೆ. ಬದಿಗಳಿಗೆ ಒಂದಕ್ಕೆ ಒಂದರಂತೆ ಇಳಿಜಾರು ಕೊಟ್ಟಾಗ ತಳ 4 ಮೀಟರ್ ಚೌಕಕ್ಕೆ ಇಳಿಯುವುದರಿಂದ, ವಾಸ್ತವವಾಗಿ ತೆಗೆಯುವ ಮಣ್ಣು 156 ಘನ ಮೀಟರ್ ಮಾತ್ರ. ಅಲ್ಲದೆ ಅಗೆದ ಮಣ್ಣು ಸಡಿಲಗೊಂಡು ಉಬ್ಬುತ್ತದೆ. ಟ್ರೈಲರ್ ಲೋಡುಗಳನ್ನು ಎಣಿಸಿ ಹಣ ಕೊಡುವ ಪದ್ಧತಿಯಲ್ಲಿ ಮಾಲೀಕರಿಗೆ ನಷ್ಟ. ಹೊಂಡವನ್ನೇ ಅಳೆಯುವುದು ಇಬ್ಬರಿಗೂ ನ್ಯಾಯ.

ಚೈನ್ ಗರಗಸದ ಬಳಕೆ

ಎರಡು ಸ್ಟ್ರೋಕ್ ಎಂಜಿನಿನ ಗರಗಸಕ್ಕೆ ಪೆಟ್ರೋಲಿನೊಡನೆ ಎಣ್ಣೆ ಬೆರೆಸಬೇಕಾಗಿರುತ್ತದೆ. ತಯಾರಕರು 50ಕ್ಕೆ 1 ಎಂದು ಸೂಚಿಸಿದ್ದಲ್ಲಿ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದಲ್ಲಿ 40 ಮಿ.ಲೀ. ಅಂದಾಜಿನ ಮೇಲೆ ಸುರಿದರೆ ಪಿಸ್ಟನ್ ಹಾಳಾಗುತ್ತದೆ. ಚೈನಿಗೆ ಬೇರೆಯೇ ಎಣ್ಣೆ ಇದ್ದು, ಬಳಸಿ ತೆಗೆದ ಎಂಜಿನ್ ಆಯಿಲ್ ಅದಕ್ಕೆ ಬದಲಿಯಾಗದು. ಕೊಯ್ಯುವಾಗ ಚಕ್ಕೆಯ ಬದಲು ನುಣ್ಣನೆಯ ಹುಡಿ ಬರುತ್ತಿದ್ದಲ್ಲಿ ಚೈನು ಮೊಂಡಾಗಿದೆ ಎಂದು ತಿಳಿಯಬೇಕು. ಮೊಂಡು ಚೈನನ್ನು ಒತ್ತಿ ಕೊಯ್ಯುವವರಿಗೆ ಆಯಾಸವೂ ಹೆಚ್ಚು, ಅಪಾಯವೂ ಹೆಚ್ಚು. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದಾಗ ಗರಗಸ ಹಿಂದಕ್ಕೆ ಎಗರಿ ಮುಖ ಅಥವಾ ಕುತ್ತಿಗೆಗೆ ಬಡಿಯುತ್ತದೆ. ಚೈನ್ ಬ್ರೇಕ್ ಕೆಲಸ ಮಾಡದ ಗರಗಸವನ್ನು ಯಾರ ಕೈಗೂ ಕೊಡತಕ್ಕದ್ದಲ್ಲ.

ಮರ ಬೀಳಬೇಕಾದ ಕಡೆಗೆ ಬುಡದ ವ್ಯಾಸದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಆಳಕ್ಕೆ ಕಚ್ಚು ತೆಗೆದು, ಹಿಂಬದಿಯಿಂದ ಅದಕ್ಕಿಂತ ತುಸು ಮೇಲೆ ಕೊಯ್ಯಬೇಕು. ನಡುವೆ ವ್ಯಾಸದ ಹತ್ತನೇ ಒಂದು ಭಾಗದಷ್ಟು, ಅಂದರೆ 50 ಸೆಂ.ಮೀ. ಮರಕ್ಕೆ 5 ಸೆಂ.ಮೀ. ದಪ್ಪದ ಮರವನ್ನು ಕೊಯ್ಯದೆ ಉಳಿಸಬೇಕು. ಇದು ಬಾಗಿಲಿನ ಕೀಲಿನಂತೆ ಮರದ ದಿಕ್ಕನ್ನು ಹಿಡಿದಿಡುತ್ತದೆ. ಇದನ್ನೂ ಕೊಯ್ದುಬಿಟ್ಟರೆ ಮರ ತನಗೆ ತೋಚಿದ ಕಡೆಗೆ ಬೀಳುತ್ತದೆ. ಕೊಯ್ಯುವವರು ಹಿಂದಕ್ಕೆ ಓರೆಯಾಗಿ ಸರಿಯಲು ದಾರಿಯನ್ನು ಮೊದಲೇ ಸವರಿಟ್ಟುಕೊಳ್ಳಬೇಕು. ಉಳಿದವರು ಮರದ ಎತ್ತರದ ಎರಡು ಪಟ್ಟು ದೂರದಲ್ಲಿರಬೇಕು. ಪಕ್ಕದ ಮರಕ್ಕೆ ಸಿಕ್ಕಿಕೊಂಡು ನಿಂತ ಮರದ ಅಡಿಗೆ ಯಾರೂ ಹೋಗಬಾರದು. ಆಸರೆಯಾಗಿರುವ ಮರವನ್ನು ಕಡಿಯಲೂಬಾರದು. ದೂರದಿಂದ ವಿಂಚ್ ಅಥವಾ ಟ್ರ್ಯಾಕ್ಟರಿನಿಂದ ಬುಡವನ್ನು ಎಳೆಸುವುದೇ ದಾರಿ.

ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ತೆಗೆಯುವಾಗ ಮುರಿಯುವ ಕಾಫಿ ಗಿಡ, ಹರಿಯುವ ಮೆಣಸಿನ ಬಳ್ಳಿಗಳ ನಷ್ಟ ಯಾರದು ಎಂಬುದು ಒಪ್ಪಂದದಲ್ಲಿ ಇರಲಿ.

ವಿದ್ಯುತ್ ತಂತಿಗಳು

ಮರಗಸಿ ಹಾಗೂ ಮೆಣಸು ಕೊಯ್ಲಿಗೆ ಬಳಸುವ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಕೊಡಗು ಮತ್ತು ಚಿಕ್ಕಮಗಳೂರು ಜಿಲ್ಲೆಗಳ ತೋಟಗಳಲ್ಲಿ ಕಾರ್ಮಿಕರು ಮೃತಪಟ್ಟಿರುವ ಪ್ರಕರಣಗಳಿವೆ. ಏಣಿ ಹಗುರವೆಂಬುದೇ ಅದರ ಅಪಾಯ. ನಿಲ್ಲಿಸಿಕೊಂಡೇ ಒಯ್ಯುವ ಅಭ್ಯಾಸ ಬೆಳೆಯುತ್ತದೆ. ತಂತಿ ಹಾದುಹೋಗುವ ತೋಟದಲ್ಲಿ ಒಣ ಬಿದಿರಿನ ಅಥವಾ ಫೈಬರ್ ಏಣಿಯನ್ನು ಬಳಸಿ, ಅದನ್ನೂ ಮಲಗಿಸಿಯೇ ಒಯ್ಯಬೇಕು. ತಂತಿಯ ಸಮೀಪದ ಮರಕ್ಕೆ ವಿದ್ಯುತ್ ಸರಬರಾಜು ಕಂಪನಿಯ ಸ್ಥಳೀಯ ಶಾಖಾಧಿಕಾರಿಗೆ ಲಿಖಿತ ಮನವಿ ಸಲ್ಲಿಸಿ, ಸಿಬ್ಬಂದಿಯ ಸಮ್ಮುಖದಲ್ಲಿ ಲೈನ್ ಸ್ಥಗಿತಗೊಳಿಸಿದ ನಂತರವೇ ಕೆಲಸ ಮಾಡತಕ್ಕದ್ದು. ಕರೆಂಟು ಹೋಗಿರುವ ಸಮಯ ನೋಡಿ ಕಡಿಯುವುದು ಪ್ರಾಣಾಂತಿಕ.

ಮಣ್ಣು ಕೆಲಸ

ಜೆಸಿಬಿ ಅಥವಾ ಹಿಟಾಚಿಯಿಂದ ಸಮತಟ್ಟು ಮಾಡುವಾಗ ಮೇಲಿನ ಅರ್ಧದಿಂದ ಮುಕ್ಕಾಲು ಅಡಿ ಫಲವತ್ತಾದ ಮಣ್ಣನ್ನು ಬದಿಗೆ ರಾಶಿ ಹಾಕಿ, ಕೊನೆಯಲ್ಲಿ ಹರಡಬೇಕು. ಇದಕ್ಕೆ ಹೆಚ್ಚುವರಿ ಗಂಟೆಗಳು ಬೇಕಾಗುವುದರಿಂದ ದರದಲ್ಲಿ ಸೇರಿಸಿಯೇ ಹೇಳಬೇಕು. ತೇವವಿರುವ ಎರೆ ಭೂಮಿಗೆ ಯಂತ್ರ ಇಳಿಸಿದರೆ ಮಣ್ಣು ಗಟ್ಟಿಯಾಗಿ ಮುಂದಿನ ಬೆಳೆಗೆ ತೊಂದರೆ. ಮಲೆನಾಡಿನ ಗುಡ್ಡಗಳಲ್ಲಿ ಬುಡವನ್ನು ಗೋಡೆಯಂತೆ ನೇರವಾಗಿ ಕಡಿಯುವ ಕೆಲಸವನ್ನು, ಮಾಲೀಕರು ಎಷ್ಟೇ ಒತ್ತಾಯಿಸಿದರೂ, ಒಪ್ಪಿಕೊಳ್ಳದಿರುವುದು ಒಳಿತು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತಗಳಿಗೆ ಭಾರಿ ಮಳೆಯ ಜೊತೆಗೆ ಇಳಿಜಾರುಗಳನ್ನು ಕಡಿದು ಮಾರ್ಪಡಿಸಿದ್ದೂ ಕಾರಣವೆಂದು ತಜ್ಞರು ಗುರುತಿಸಿದ್ದಾರೆ.

ಗಂಟೆ ದರದ ಕೆಲಸದಲ್ಲಿ ಯಂತ್ರದ ಮೀಟರ್ ಓದನ್ನು ಆರಂಭ ಮತ್ತು ಅಂತ್ಯದಲ್ಲಿ ಇಬ್ಬರೂ ಬರೆದು ಸಹಿ ಮಾಡುವುದು, ಯಂತ್ರ ಬಂದು ಹೋಗುವ ಸಮಯ ಯಾರ ಲೆಕ್ಕಕ್ಕೆ ಎಂಬುದನ್ನು ನಮೂದಿಸುವುದು ಅವಶ್ಯ.

ಕಾರ್ಮಿಕರು

ಕೆಲಸದ ವೇಳೆ ಗಾಯಗೊಂಡ ಕಾರ್ಮಿಕರಿಗೆ ಪರಿಹಾರ ನೀಡುವ ಹೊಣೆ ಅವರನ್ನು ನೇಮಿಸಿಕೊಂಡವರದು. 1923ರ ಕಾಯಿದೆಯಲ್ಲಿದ್ದ ಈ ಹೊಣೆಯು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ದಿನಗೂಲಿ, ಲಿಖಿತ ಒಪ್ಪಂದ ಇಲ್ಲ ಎಂಬ ಕಾರಣದಿಂದ ಅದು ತಪ್ಪುವುದಿಲ್ಲ. ಆದುದರಿಂದ ವಿಮೆಯ ಕಂತು, ಹೆಲ್ಮೆಟ್, ಕಣ್ಣು ಹಾಗೂ ಕಿವಿಗಳ ರಕ್ಷಣಾ ಸಾಧನ, ಗಟ್ಟಿ ಬೂಟು ಇವುಗಳ ವೆಚ್ಚವನ್ನು ಡೀಸೆಲ್ಲಿನಂತೆಯೇ ದರದೊಳಗೆ ಸೇರಿಸಿಕೊಳ್ಳಬೇಕು. ಗರಗಸ ಹಿಡಿದವರನ್ನು ತೋಟದಲ್ಲಿ ಒಂಟಿಯಾಗಿ ಬಿಡದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಮತ್ತೊಬ್ಬರು ಇರುವಂತೆ ನೋಡಿಕೊಳ್ಳತಕ್ಕದ್ದು.