ತಿಮೊಥಿಯ ಚಳಿಗಾಲ

ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಎಂದರೆ ನನಗೆ ಮೊದಲು ನೆನಪಾಗುವುದು ಅವನು ಗಮನಿಸುತ್ತಿದ್ದ ಹಕ್ಕಿಗಳಲ್ಲ, ತಿಮೊಥಿ ಎಂಬ ಆಮೆ. ಅದು ಅವನ ಸೋದರತ್ತೆ ಸುಮಾರು 40 ವರ್ಷ ಸಾಕಿದ್ದು. ಆಕೆ ತೀರಿಕೊಂಡ ಮೇಲೆ, 1780ರ ಮಾರ್ಚಿನಲ್ಲಿ, ಮಣ್ಣಿನಡಿ ಮಲಗಿದ್ದ ಜೀವವನ್ನು ವೈಟ್ ಅಗೆದು ತೆಗೆದ, ಅದು ಬುಸ್ಸೆಂದಿತು. ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಮಣ್ಣು ತುಂಬಿದ ಪೆಟ್ಟಿಗೆಯಲ್ಲಿ, ಕುದುರೆಗಾಡಿಯ ಮೇಲೆ, 80 ಮೈಲಿ ಪಯಣ. ಕುಲುಕಾಟಕ್ಕೆ ಪೂರ್ತಿ ಎಚ್ಚರಗೊಂಡು, ಹೊಸ ತೋಟದ ಕೊನೆಯವರೆಗೆ ಎರಡು ಸಲ ನಡೆದುಹೋಯಿತಂತೆ. ಸಂಜೆ ಚಳಿಯಾದೊಡನೆ ಮತ್ತೆ ಮಣ್ಣಿಗಿಳಿಯಿತು.

ನವೆಂಬರಿನಲ್ಲಿ ಅದು ಗುಳಿ ತೋಡುವುದನ್ನು ವೈಟ್ ಕೂತು ನೋಡುತ್ತಿದ್ದ. ಮುಂಗಾಲು ಕೆರೆಯುತ್ತದೆ, ಹಿಂಗಾಲು ಮಣ್ಣನ್ನು ಬೆನ್ನಮೇಲೆ ಎಸೆಯುತ್ತದೆ. ವೇಗ ಗಡಿಯಾರದ ಗಂಟೆಮುಳ್ಳಿಗಿಂತ ತುಸು ಹೆಚ್ಚು, ಅಷ್ಟೆ.

ವೈಟ್ 1793ರಲ್ಲಿ ಹೋದ, ತಿಮೊಥಿ ಮರುವರ್ಷ. ಚಿಪ್ಪು ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿತು. ಪರೀಕ್ಷಿಸಿದರೆ, ತಿಮೊಥಿ ಹೆಣ್ಣು.