ಫ್ಲಾಪಿ ಬದಲಾದದ್ದು ಕಂಪ್ಯೂಟರಿಗೆ ತಿಳಿಯತೊಡಗಿದ ಬಗೆ

ಡ್ರೈವಿನಲ್ಲಿದ್ದ ಫ್ಲಾಪಿಯನ್ನು ತೆಗೆದು ಇನ್ನೊಂದನ್ನು ಹಾಕಿದಾಗ ಅದನ್ನು ಗುರುತಿಸುವ ಶಕ್ತಿ ಹಳೆಯ ಕಂಪ್ಯೂಟರುಗಳಿಗೆ ಹುಟ್ಟಿನಿಂದ ಬಂದದ್ದಲ್ಲ. ಐಬಿಎಂ 1971ರಲ್ಲಿ 8 ಇಂಚಿನ ಫ್ಲಾಪಿಯನ್ನು ಹೊರತಂದಿತು. ಶುಗಾರ್ಟ್ ಕಂಪನಿ 1976ರಲ್ಲಿ ಎಸ್‌ಎ400 ಎಂಬ 5.25 ಇಂಚಿನ ಡ್ರೈವನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಸಣ್ಣ ಕಂಪ್ಯೂಟರುಗಳ ಮೇಜಿಗೂ ಬಂತು. ಆ ಡ್ರೈವಿನ ಕೇಬಲ್ಲಿನಲ್ಲಿ ಡಿಸ್ಕನ್ನು ಓದಿ ಬರೆಯುವ ಹೆಡ್ಡನ್ನು ಸರಿಸಲು, ಮೋಟಾರು ತಿರುಗಿಸಲು, ಓದಲು, ಬರೆಯಲು ತಂತಿಗಳಿದ್ದವು. ಡಿಸ್ಕ್ ಬದಲಾಯಿತು ಎಂದು ತಿಳಿಸುವ ತಂತಿ ಮಾತ್ರ ಇರಲಿಲ್ಲ.

ಈ ಕೊರತೆ ಸಣ್ಣದಲ್ಲ. ಫ್ಲಾಪಿ ಬಲು ನಿಧಾನವಾದ ಸಾಧನವಾದ್ದರಿಂದ ಯಾವ ಕಡತ ಎಲ್ಲಿದೆ, ಎಷ್ಟು ಜಾಗ ಖಾಲಿ ಇದೆ ಎಂಬ ಲೆಕ್ಕವನ್ನು ಆಪರೇಟಿಂಗ್ ಸಿಸ್ಟಮ್ ಒಮ್ಮೆ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಬಳಕೆದಾರ ಫ್ಲಾಪಿ ಬದಲಿಸಿದರೆ, ಮುಂದಿನ ಬರವಣಿಗೆ ಒಂದು ಊರಿನ ಪಹಣಿ ಹಿಡಿದು ಇನ್ನೊಂದು ಊರಿನ ಹೊಲ ಅಳೆದಂತೆ ಆಗುತ್ತದೆ. ಹಳೆಯ ಡಿಸ್ಕಿನಲ್ಲಿ ಖಾಲಿ ಇದ್ದ ಜಾಗದಲ್ಲಿ ಹೊಸ ಡಿಸ್ಕಿನ ಯಾವುದೋ ಕಡತ ಇರಬಹುದು. ಅದು ಅಳಿದುಹೋದದ್ದು ಎಷ್ಟೋ ದಿನಗಳ ನಂತರ ಗೊತ್ತಾಗುತ್ತಿತ್ತು.

ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಈ ಹೊಣೆಯನ್ನು ಬಹುಮಟ್ಟಿಗೆ ಬಳಕೆದಾರನಿಗೇ ಬಿಟ್ಟಿತ್ತು. ಫ್ಲಾಪಿ ಬದಲಿಸಿದವರು ಕಂಟ್ರೋಲ್-ಸಿ ಒತ್ತಬೇಕು; ಆಗ ವ್ಯವಸ್ಥೆ ಡಿಸ್ಕನ್ನು ಹೊಸದಾಗಿ ಓದಿಕೊಳ್ಳುತ್ತಿತ್ತು. ಮರೆತವರಿಗೂ ಒಂದು ಕಾವಲಿತ್ತು. ಕಡತಗಳ ಪಟ್ಟಿಯಾದ ಡಿರೆಕ್ಟರಿಯ ಬೈಟುಗಳ ಮೊತ್ತವನ್ನು ಸಿಪಿ/ಎಂ ಕೂಡಿಟ್ಟುಕೊಂಡು, ಮುಂದಿನ ಸಲ ಅದು ಹೊಂದದಿದ್ದರೆ ಆ ಡಿಸ್ಕನ್ನು ‘ಓದಲು ಮಾತ್ರ’ ಎಂದು ಗುರುತಿಸಿ ಬರೆಯುವುದನ್ನು ನಿರಾಕರಿಸುತ್ತಿತ್ತು. ಮಾಡುತ್ತಿದ್ದ ಕೆಲಸ ಉಳಿಸಲಾಗದೆ ಹೋಗಬಹುದಿತ್ತು, ಆದರೆ ಡಿಸ್ಕ್ ಉಳಿಯುತ್ತಿತ್ತು.

1983ರಲ್ಲಿ ಬಂದ ಎಂಎಸ್-ಡಾಸ್ 2.0 ಬೇರೆ ದಾರಿ ಹಿಡಿಯಿತು. ಪ್ರತಿ ಡ್ರೈವಿನ ತಂತ್ರಾಂಶಕ್ಕೂ ಅದು ಒಂದು ಪ್ರಶ್ನೆ ಹಾಕುತ್ತಿತ್ತು: ಡಿಸ್ಕ್ ಬದಲಾಗಿದೆಯೆ? ಬದಲಾಗಿದೆ, ಬದಲಾಗಿಲ್ಲ, ಗೊತ್ತಿಲ್ಲ ಎಂಬ ಮೂರು ಉತ್ತರಗಳಿಗೆ ಅವಕಾಶವಿತ್ತು. ಅಂದಿನ ಐಬಿಎಂ ಪಿಸಿಯ ಡ್ರೈವುಗಳಿಗೆ ಪ್ರಾಮಾಣಿಕ ಉತ್ತರ ಮೂರನೆಯದೇ. ಹಾಗೆಂದು ಪ್ರತಿ ಸಲವೂ ಎಲ್ಲವನ್ನೂ ಮತ್ತೆ ಓದುತ್ತ ಕುಳಿತರೆ ಕೆಲಸ ಸಾಗುವುದಿಲ್ಲ. ಆಗ ಡಾಸ್ ತಂಡದ ಮಾರ್ಕ್ ಜ್ಬಿಕೋವ್ಸ್ಕಿ ಸ್ಟಾಪ್‌ವಾಚ್ ಹಿಡಿದು ಕುಳಿತರು. ಸಹೋದ್ಯೋಗಿಗಳಾದ ಆ್ಯರನ್ ರೆನಾಲ್ಡ್ಸ್ ಮತ್ತು ಕ್ರಿಸ್ ಪೀಟರ್ಸ್ ಆದಷ್ಟು ವೇಗವಾಗಿ ಫ್ಲಾಪಿ ಬದಲಿಸಿ ನೋಡಿದರು. ಎಷ್ಟು ಪ್ರಯತ್ನಿಸಿದರೂ ಎರಡು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಆಗಲಿಲ್ಲ. ಕಳೆದ ಬಾರಿ ಡಿಸ್ಕನ್ನು ಮುಟ್ಟಿ ಎರಡು ಸೆಕೆಂಡು ಆಗಿಲ್ಲವಾದರೆ ಅದು ಬದಲಾಗಿಲ್ಲ ಎಂಬ ನಿಯಮ ಹುಟ್ಟಿದ್ದು ಹೀಗೆ. ಇಲ್ಲದ ತಂತಿಯ ಕೆಲಸವನ್ನು ಮನುಷ್ಯನ ಕೈವೇಗದ ಅಳತೆಯೊಂದರಿಂದ ಮಾಡಿಸಿದ ಈ ಉಪಾಯಕ್ಕೆ ಫ್ಲಾಪಿಯ ಇತಿಹಾಸದಲ್ಲಿ ಸಾಟಿ ಕಡಿಮೆ.

1984ರ ಐಬಿಎಂ ಪಿಸಿ/ಎಟಿಯ 1.2 ಎಂಬಿ ಡ್ರೈವಿನೊಂದಿಗೆ ತಂತಿಯೂ ಬಂತು. ಡಿಸ್ಕನ್ನು ಹೊರತೆಗೆದ ಕೂಡಲೇ 34ನೇ ಪಿನ್ನಿನಲ್ಲಿ ಸಂಕೇತ ಏಳುತ್ತಿತ್ತು. ಅದು ತಾನಾಗಿ ಇಳಿಯುತ್ತಿರಲಿಲ್ಲ. ಹೊಸ ಡಿಸ್ಕ್ ಒಳಗಿದ್ದು, ಹೆಡ್ಡಿಗೆ ಒಂದು ಹೆಜ್ಜೆ ಸರಿಯುವ ಆಜ್ಞೆ ಬಂದಾಗ ಮಾತ್ರ ಇಳಿಯುತ್ತಿತ್ತು. ಅಂದರೆ ಡಿಸ್ಕ್ ಹೊರಗೆ ಹೋಯಿತೆಂದು ತಿಳಿಯಲು ತಂತಿಯನ್ನು ನೋಡಿದರೆ ಸಾಕು, ಹೊಸದು ಒಳಗೆ ಬಂತೆ ಎಂದು ತಿಳಿಯಲು ಹೆಡ್ಡನ್ನು ಅಲುಗಾಡಿಸಲೇಬೇಕು. ಪಿಸಿ ಆ ಗೋಜಿಗೆ ಹೋಗದೆ, ಬಳಕೆದಾರ ಡ್ರೈವನ್ನು ಮುಟ್ಟುವವರೆಗೆ ಸುಮ್ಮನಿರುತ್ತಿತ್ತು. ಮುಂದೆ ಸಿಡಿ ಹಾಕಿದ ಕೂಡಲೇ ಎಚ್ಚರಗೊಳ್ಳುತ್ತಿದ್ದ ವಿಂಡೋಸ್ 95 ಕೂಡ ಫ್ಲಾಪಿಯ ಮಟ್ಟಿಗೆ ಹಾಗೆಯೇ ಇತ್ತು.

ಡಿಸ್ಕುಗಳನ್ನು ಒಂದರಿಂದೊಂದು ಬೇರ್ಪಡಿಸಲು 1988ರ ಡಾಸ್ 4.0 ಫಾರ್ಮ್ಯಾಟ್ ಮಾಡಿದ ದಿನ ಮತ್ತು ಸಮಯದಿಂದ ಸೀರಿಯಲ್ ನಂಬರನ್ನು ಹೆಣೆದು ಡಿಸ್ಕಿನ ಮೊದಲ ಭಾಗವಾದ ಬೂಟ್ ಸೆಕ್ಟರಿನಲ್ಲಿ ಬರೆಯಿತು. ವಿಂಡೋಸ್ 95 ಇನ್ನೂ ಮುಂದೆ ಹೋಗಿ, ಬರೆಯದಂತೆ ತಡೆ ಹಾಕದ ಫ್ಲಾಪಿಗಳ ಬೂಟ್ ಸೆಕ್ಟರಿನಲ್ಲಿ ತನ್ನದೇ ಗುರುತು ಹಾಕತೊಡಗಿತು. ಬರಿದೇ ನೋಡಲು ಹಾಕಿದ ಡಿಸ್ಕನ್ನು ತಿದ್ದುವುದು ಸರಿಯಾದ ನಡೆಯಲ್ಲ; ಹಳೆಯ ಮೂಲ ಡಿಸ್ಕುಗಳನ್ನು ಕಾಪಿಡುವವರಿಗೆ ಇದು ಇಂದಿಗೂ ತೊಡಕು.

1985ರ ಅಟಾರಿ ಎಸ್‌ಟಿ ಬದಲಾವಣೆಯ ತಂತಿಯಿಲ್ಲದೆಯೇ ಜಾಣತನ ತೋರಿತು. 3.5 ಇಂಚಿನ ಡಿಸ್ಕ್ ಒಳಗೆ ಅಥವಾ ಹೊರಗೆ ಜಾರುವಾಗ ಅದರ ಮೈ, ಬರವಣಿಗೆ ತಡೆಯ ಕಿಂಡಿಯನ್ನು ನೋಡುವ ಸಂವೇದಕದ ಮುಂದೆ ಹಾದುಹೋಗಿ ಸಂಕೇತ ಕ್ಷಣಕಾಲ ಬದಲಾಗುತ್ತದೆ. ಅಟಾರಿಯ ವ್ಯವಸ್ಥೆ ಹಿನ್ನೆಲೆಯಲ್ಲಿ ಇದನ್ನೇ ಗಮನಿಸುತ್ತಿತ್ತು. ಆದರೆ ಈ ಸಂಕೇತ ಬರೀ ಅನುಮಾನ ಹುಟ್ಟಿಸಬಲ್ಲದು. ಖಚಿತವಾಗಲು ಡಿಸ್ಕಿನ ಸೀರಿಯಲ್ ನಂಬರನ್ನು ನೋಡಬೇಕು. ಒಂದೇ ನಂಬರಿನ ಎರಡು ಪ್ರತಿಗಳಿದ್ದರೆ ಲೆಕ್ಕ ತಪ್ಪುತ್ತಿತ್ತು.

ಅಟಾರಿಗೂ ಮೊದಲೇ, 1984ರಲ್ಲಿ, ಆ್ಯಪಲ್‌ನ ಮ್ಯಾಕಿಂಟಾಷ್ ಸಮಸ್ಯೆಯ ಬುಡಕ್ಕೇ ಕೈಹಾಕಿತ್ತು. ಅದರ ಡ್ರೈವಿಗೆ ಡಿಸ್ಕ್ ಹೊರತೆಗೆಯುವ ಗುಂಡಿಯೇ ಇರಲಿಲ್ಲ. ಬಳಕೆದಾರ ತೆರೆಯ ಮೇಲೆ ಕೇಳಿಕೊಂಡರೆ, ಬರೆಯಬೇಕಾದದ್ದನ್ನೆಲ್ಲ ಬರೆದು ಮುಗಿಸಿ ಯಂತ್ರವೇ ಮೋಟಾರಿನಿಂದ ಡಿಸ್ಕನ್ನು ಹೊರತಳ್ಳುತ್ತಿತ್ತು. ಎಲ್ಲ ಪರಿಹಾರಗಳಲ್ಲಿ ಇದೇ ನಿರ್ದುಷ್ಟವಾದದ್ದು, ದುಬಾರಿಯೂ ಹೌದು.

ಹಿನ್ನೆಲೆಯ ಕಾವಲನ್ನು ಪೂರ್ಣವಾಗಿ ಬೆಳೆಸಿದ್ದು ಕಮೊಡೋರ್ ಕಂಪನಿಯ ಅಮಿಗಾ. 1985ರಲ್ಲಿ ಬಂದ ಈ ಯಂತ್ರದಲ್ಲಿ ಏಕಕಾಲಕ್ಕೆ ಹಲವು ಕೆಲಸಗಳು ಓಡುತ್ತಿದ್ದವು. ಅವುಗಳಲ್ಲೊಂದು ಡ್ರೈವುಗಳನ್ನು ಕಾಯುವುದು. ಡಿಸ್ಕ್ ಬಂದಾಗ, ಹೋದಾಗ ಎಣಿಕೆ ಒಂದು ಹೆಚ್ಚುತ್ತಿತ್ತು, ಕೇಳಿಕೊಂಡ ಪ್ರೋಗ್ರಾಮುಗಳಿಗೆ ಸುದ್ದಿ ಹೋಗುತ್ತಿತ್ತು, ತೆರೆಯ ಮೇಲೆ ಹೊಸ ಡಿಸ್ಕಿನ ಚಿತ್ರ ತಾನಾಗಿ ಮೂಡುತ್ತಿತ್ತು. ಬೇಕಾದ ಡಿಸ್ಕ್ ಒಳಗಿಲ್ಲದಿದ್ದರೆ ಅದರ ಹೆಸರು ಹೇಳಿ, ಯಾವ ಡ್ರೈವಿನಲ್ಲಾದರೂ ಹಾಕಿ ಎಂದು ಕೇಳುತ್ತಿತ್ತು. ಇದಕ್ಕೆ ತೆತ್ತ ಬೆಲೆ ಸದ್ದು. ಖಾಲಿ ಡ್ರೈವಿನ ಸಂಕೇತವನ್ನು ಪರೀಕ್ಷಿಸಲು ಹೆಡ್ಡನ್ನು ಕೆಲವು ಸೆಕೆಂಡಿಗೊಮ್ಮೆ ಒಂದು ಹೆಜ್ಜೆ ಸರಿಸಬೇಕಿತ್ತು. ಪ್ರತಿ ಸಲವೂ ಟಕ್ ಎಂದು ಕೇಳುತ್ತಿತ್ತು. ನೋಕ್ಲಿಕ್ ಎಂಬ ಪುಟ್ಟ ಪ್ರೋಗ್ರಾಮುಗಳು ಹುಟ್ಟಿದ್ದು ಇದನ್ನು ಅಡಗಿಸಲು. ಅವು ಹೆಡ್ಡನ್ನು ಸೊನ್ನೆಯ ಟ್ರ್ಯಾಕಿನಲ್ಲಿ ನಿಲ್ಲಿಸಿ, ಇನ್ನೂ ಹೊರಗೆ ಸರಿಯಲು ಹೇಳುತ್ತಿದ್ದವು. ಅಲ್ಲಿಂದಾಚೆಗೆ ದಾರಿಯಿಲ್ಲದ್ದರಿಂದ ಹೆಡ್ ಅಲುಗಾಡದು. ಆಜ್ಞೆ ತಲುಪಿದ್ದರಿಂದ ಸಂಕೇತ ಮಾತ್ರ ಹೊಸದಾಗುತ್ತದೆ. ಅಮಿಗಾದ ಮೂಲ ತಂತ್ರಾಂಶವಾದ ಕಿಕ್‌ಸ್ಟಾರ್ಟ್‌ನ 2.0 ಆವೃತ್ತಿಯಲ್ಲಿ ಈ ಉಪಾಯ ಮೂಲ ವ್ಯವಸ್ಥೆಯೊಳಗೇ ಸೇರಿತು.

ಸಂಕೇತವಿಲ್ಲದ 5.25 ಇಂಚಿನ ಡ್ರೈವನ್ನು ಅಮಿಗಾಕ್ಕೆ ಜೋಡಿಸಿದವರು ಡಿಸ್ಕ್‌ಚೇಂಜ್ ಎಂಬ ಆಜ್ಞೆಯನ್ನು ಕೈಯಾರೆ ಕೊಡಬೇಕಿತ್ತು. 1987ರ ಸುಮಾರಿಗೆ ಎಸ್‌ಸಿಎ ಎಂಬ ವೈರಸ್ ಬೂಟ್ ಬ್ಲಾಕಿನ ಮೂಲಕ ಡಿಸ್ಕಿನಿಂದ ಡಿಸ್ಕಿಗೆ ಹರಡಿದಾಗ ಅಮಿಗಾದ ಹಿನ್ನೆಲೆಯ ಕಾವಲು ಇನ್ನೊಂದು ಕೆಲಸಕ್ಕೆ ಬಂತು. ವೈರಸ್‌ಎಕ್ಸ್ ಎಂಬ ಪ್ರೋಗ್ರಾಮ್ ಹಿನ್ನೆಲೆಯಲ್ಲಿ ಓಡುತ್ತ, ಹೊಸ ಡಿಸ್ಕ್ ಬಂದೊಡನೆ ಬೂಟ್ ಬ್ಲಾಕನ್ನು ಪರೀಕ್ಷಿಸಿ ಎಚ್ಚರಿಸುತ್ತಿತ್ತು.

ಯುನಿಕ್ಸ್ ಲೋಕದಲ್ಲಿ ಸನ್ ಕಂಪನಿಯ ಸೋಲಾರಿಸ್ ಸಿಡಿಗಳನ್ನು ಹಿನ್ನೆಲೆಯಲ್ಲೇ ಗುರುತಿಸುತ್ತಿದ್ದರೂ ಫ್ಲಾಪಿಗೆ ವೋಲ್‌ಚೆಕ್ ಎಂಬ ಆಜ್ಞೆಯನ್ನು ಬೇರೆಯಾಗಿ ಕೊಡಬೇಕಿತ್ತು.

ಹಳೆಯ ಯಂತ್ರಗಳಿಗೆ ಇಂದು ಫ್ಲಾಪಿಯ ಬದಲು ಯುಎಸ್‌ಬಿ ಮೆಮೊರಿಯಿಂದ ಓದುವ ಅನುಕರಣ ಡ್ರೈವುಗಳನ್ನು ಜೋಡಿಸುತ್ತಾರೆ. ಅವುಗಳಲ್ಲಿ ಓಡುವ ಫ್ಲ್ಯಾಶ್‌ಫ್ಲಾಪಿಯಂಥ ತಂತ್ರಾಂಶ ಪ್ರತಿ ಯಂತ್ರದ ರೂಢಿಯನ್ನೂ ಅರಿತಿರಬೇಕು. ಬದಲಾವಣೆಯ ಸಂಕೇತವನ್ನು ಪಿಸಿಗೆ 34ನೇ ಪಿನ್ನಿನಲ್ಲಿ, ಅಮಿಗಾಕ್ಕೆ 2ನೇ ಪಿನ್ನಿನಲ್ಲಿ ಕೊಡಬೇಕು. ಹೆಡ್ ಸರಿಯುವ ಆಜ್ಞೆ ಬಂದಾಗ ಅದನ್ನು ಇಳಿಸಬೇಕೆ ಎಂಬುದನ್ನೂ ಅದರ ಸಂರಚನಾ ಕಡತದಲ್ಲಿ ಬರೆದಿಡಬಹುದು.