ಭವಾಲ್ ಸನ್ಯಾಸಿ ಮೊಕದ್ದಮೆ: ಮರಳಿದವನ ಹಕ್ಕು ಮತ್ತು ರುಜುವಾತಿನ ಹೊಣೆ

ಪೂರ್ವ ಬಂಗಾಳದ ಢಾಕಾ ಜಿಲ್ಲೆಯ ಭವಾಲ್ ಜಮೀನ್ದಾರಿಯ ಎರಡನೆಯ ಕುಮಾರ ರಮೇಂದ್ರನಾರಾಯಣ ರಾಯ್ 1909ರ ಮೇ ತಿಂಗಳಲ್ಲಿ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡನೆಂದು ಸುದ್ದಿಯಾದದ್ದು, 1921ರಲ್ಲಿ ಜಯದೇವಪುರಕ್ಕೆ ಬಂದ ಸನ್ಯಾಸಿಯೊಬ್ಬ ತಾನೇ ಆ ಕುಮಾರನೆಂದು ಹೇಳಿಕೊಂಡದ್ದು, ಅವನು 1930ರಲ್ಲಿ ಹೂಡಿದ ದಾವೆ 1946ರ ಜುಲೈ 30ರಂದು ಲಂಡನ್ನಿನ ಪ್ರಿವಿ ಕೌನ್ಸಿಲ್‌ನಲ್ಲಿ, ಎಂದರೆ ವಸಾಹತುಗಳ ಅಂತಿಮ ಮೇಲ್ಮನವಿ ಪೀಠದಲ್ಲಿ, ಅವನ ಪರವಾಗಿಯೇ ಮುಗಿದದ್ದು ವಿದ್ವಾಂಸರಲ್ಲಿ ವಿವಾದದ ವಿಷಯಗಳಲ್ಲ. ವಿವಾದವಿರುವುದು ಈ ತೀರ್ಪುಗಳನ್ನು ಹೇಗೆ ಓದಬೇಕೆಂಬುದರಲ್ಲಿ. ಪಾರ್ಥ ಚಟರ್ಜಿಯವರು 2002ರಲ್ಲಿ ಪ್ರಕಟಿಸಿದ ಗ್ರಂಥವು ಅವನ್ನು ವಸಾಹತು ಸಂಸ್ಥೆಗಳ ಒಳಗೆ ಅಧಿಕಾರವು ಸದ್ದಿಲ್ಲದೆ ಭಾರತೀಯರ ಕೈಗೆ ಸರಿಯುತ್ತಿದ್ದ ಪ್ರಕ್ರಿಯೆಯ ಹಿನ್ನೆಲೆಯಲ್ಲಿ ವಿವರಿಸುತ್ತದೆ.

ಈ ವಿವರಣೆಗೆ ಬಲವಿದೆ. ವಿಚಾರಣಾ ನ್ಯಾಯಾಲಯದಲ್ಲಿ ಪನ್ನಾಲಾಲ್ ಬಸು, ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಬಿಸ್ವಾಸ್ ವಾದಿಯನ್ನು ಒಪ್ಪಿದರು, ನ್ಯಾಯಮೂರ್ತಿ ಲಾಡ್ಜ್ ಒಪ್ಪಲಿಲ್ಲ. ಆದರೆ 1940ರ ಆ ಹೈಕೋರ್ಟ್ ಪೀಠದಲ್ಲಿ ವಾದಿಯ ಪರ ಬಹುಮತ ಮೂಡಿದ್ದು ಇಂಗ್ಲಿಷರೇ ಆದ ಕಾಸ್ಟೆಲೊ ಅವರ ಅಭಿಪ್ರಾಯದಿಂದ. ಪ್ರಿವಿ ಕೌನ್ಸಿಲ್‌ನ ಸಮ್ಮತಿಯನ್ನು ಮಾತ್ರ ಇದರ ಜೊತೆಗೆ ಎಣಿಸಲಾಗದು: ಕೆಳಗಿನ ಎರಡು ನ್ಯಾಯಾಲಯಗಳು ಸಂಗತಿಯ ಬಗ್ಗೆ ಒಂದೇ ನಿರ್ಣಯಕ್ಕೆ ಬಂದಿದ್ದರೆ ಸಾಕ್ಷ್ಯವನ್ನು ಮತ್ತೆ ತೂಗಬಾರದೆಂಬ ತನ್ನ ರೂಢಿಯನ್ನೇ ಅದು ಮುಖ್ಯವಾಗಿ ಪಾಲಿಸಿತು.

ಹಾಗಾದರೆ ಪ್ರಕರಣದ ಸ್ವರೂಪವನ್ನು ನಿರ್ಧರಿಸಿದ್ದು ಯಾವುದು? ಈ ಲೇಖನದ ವಾದದಂತೆ, ನ್ಯಾಯಾಧೀಶರ ಒಲವಿಗಿಂತ ಮೊದಲೇ, 1921ರ ಜೂನ್ 3ರ ಪ್ರಕಟಣೆ. ಜಮೀನ್ದಾರಿಯು ಆಗ ಕೋರ್ಟ್ ಆಫ್ ವಾರ್ಡ್ಸ್‌ನ ವಶದಲ್ಲಿತ್ತು. ಸ್ವತಃ ಆಡಳಿತ ನಡೆಸಲು ಅನರ್ಹರೆಂದು ಸರ್ಕಾರ ಪರಿಗಣಿಸಿದವರ ಆಸ್ತಿಯನ್ನು ನೋಡಿಕೊಳ್ಳುವ ಕಂದಾಯ ವ್ಯವಸ್ಥೆ ಅದು. ಢಾಕಾದ ಕಲೆಕ್ಟರ್ ಲಿಂಡ್ಸೆ, ಸನ್ಯಾಸಿಯನ್ನು ಭೇಟಿಯಾದ ಕೆಲವೇ ದಿನಗಳಲ್ಲಿ, ಪ್ರಮಾಣ ಮಾಡಿಸಿ ಒಬ್ಬ ಸಾಕ್ಷಿಯನ್ನೂ ವಿಚಾರಿಸದೆ, ಕುಮಾರನ ದೇಹ ಹನ್ನೆರಡು ವರ್ಷಗಳ ಹಿಂದೆಯೇ ಸುಟ್ಟು ಬೂದಿಯಾದುದಕ್ಕೆ ನಿರ್ಣಾಯಕ ಪುರಾವೆಯಿದೆಯೆಂದೂ ಬಂದವನು ವಂಚಕನೆಂದೂ ಒಕ್ಕಲುಗಳಿಗೆ ಸಾರಿದರು. ಸೋದರಿ ಜ್ಯೋತಿರ್ಮಯಿ ದೇವಿ ಅವನನ್ನು ಗುರುತಿಸಿದ್ದರು, ಪತ್ನಿ ವಿಭಾವತಿ ದೇವಿ ನಿರಾಕರಿಸಿದರು. ಇಂಥ ಒಡಕನ್ನು ಕೇಳಿ ಬಗೆಹರಿಸಬೇಕಾಗಿದ್ದ ಅಧಿಕಾರವು ಆ ಪ್ರಕಟಣೆಯೊಂದಿಗೆ ತಾನೇ ಪ್ರತಿಪಕ್ಷವಾಯಿತು. ಜೀವವಿಮೆಗಾಗಿ ಸಲ್ಲಿಸಿದ್ದ ಮರಣಪತ್ರಗಳು ಆ ಪಕ್ಷದ ಕೈಯಲ್ಲಿದ್ದವು. ಹಕ್ಕುದಾರನಿಗೆ ಉಳಿದದ್ದು ತನ್ನ ದೇಹ ಮತ್ತು ಪರಿಚಿತರ ನೆನಪು. ಬಸು ಅವರ ತೀರ್ಪು ಪಾದದ ಒರಟು ಚರ್ಮ, ಕಾಲಿನ ಗಾಯದ ಗುರುತು, ಮುರಿದ ಹಲ್ಲು ಇವುಗಳನ್ನು ಅಷ್ಟು ದೀರ್ಘವಾಗಿ ಪರಿಶೀಲಿಸಿದ್ದು ಈ ಅಸಮಾನತೆಯ ಫಲವೆಂದು ತೋರುತ್ತದೆ.

ಈ ವಾದವನ್ನು ಅದರ ಮಿತಿಯೊಳಗೇ ಇಟ್ಟು ನೋಡಬೇಕು. ಪ್ರಕಟಣೆಯು ಆಡಳಿತಾತ್ಮಕವಾದುದು, ಯಾವ ನ್ಯಾಯಾಲಯವನ್ನೂ ಕಟ್ಟಿಹಾಕುವಂಥದ್ದಲ್ಲ. ಅದು ಹೊರಡದಿದ್ದರೂ ರುಜುವಾತಿನ ಹೊಣೆ, ಎಂದರೆ ಹೇಳಿದ್ದನ್ನು ಸಾಬೀತುಪಡಿಸಬೇಕಾದ ಭಾರ, ವಾದಿಯ ಮೇಲೆಯೇ ಬೀಳುತ್ತಿತ್ತು. ದಾವೆಗೆ ಮುನ್ನ ಕಳೆದ ಒಂಬತ್ತು ವರ್ಷಗಳಲ್ಲಿ ಒಂದು ಪಾಲು ವಾದಿಯ ಕಡೆಯವರ ವಿಳಂಬವೂ ಆಗಿರಬಹುದು. ಆದರೂ 1921ರಲ್ಲೇ ಬಹಿರಂಗ ವಿಚಾರಣೆ ನಡೆದಿದ್ದರೆ, ಡಾರ್ಜಿಲಿಂಗ್‌ನಲ್ಲಿ ಸಾವು ಸಂಭವಿಸಿದ್ದು ಸಂಜೆಯೋ ನಡುರಾತ್ರಿಯೋ ಎಂಬ ತೀರ್ಮಾನಕಾರಿ ಪ್ರಶ್ನೆಗೆ ಕಾಲು ಶತಮಾನ ಹಳೆಯದಾದ ನೆನಪುಗಳನ್ನು ನೆಚ್ಚಬೇಕಾಗಿರಲಿಲ್ಲ.

ಕಾನೂನಿನ ಮಾತಿಗೆ ಬಂದರೆ, 1872ರ ಸಾಕ್ಷ್ಯ ಅಧಿನಿಯಮದ 108ನೆಯ ಕಲಮು ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ಹೇಳುವವರ ಮೇಲೆ ರುಜುವಾತಿನ ಹೊಣೆ ಹೊರಿಸುತ್ತಿತ್ತು. ಇಲ್ಲಿ ಪ್ರತಿವಾದಿಗಳು ಅಂಥ ಪೂರ್ವಭಾವನೆಯನ್ನು, ಎಂದರೆ ಪುರಾವೆ ಬರುವವರೆಗೆ ಕಾನೂನು ನಿಜವೆಂದು ಎಣಿಸುವ ಸಂಗತಿಯನ್ನು, ನಂಬಿ ನಿಲ್ಲದೆ ನಿಶ್ಚಿತ ದಿನದ ಸಾವನ್ನೇ ಮುಂದಿಟ್ಟಿದ್ದರಿಂದ ಆ ಕಲಮು ಬದಿಗೆ ಸರಿಯಿತು. ಒಕ್ಕಲುಗಳು ಸನ್ಯಾಸಿಯನ್ನು ಒಪ್ಪಿದ್ದು ಗುರುತಿನ ಬಲದಿಂದಲೋ ವಾರ್ಡ್ಸ್ ಆಡಳಿತದ ಮೇಲಿನ ಅಸಮಾಧಾನದಿಂದಲೋ ಎಂಬುದು ಸಾಕ್ಷಿಗಳ ಹೇಳಿಕೆಗಳನ್ನು ಪ್ರತ್ಯೇಕವಾಗಿ ಅಭ್ಯಸಿಸಿದಾಗ ಮಾತ್ರ ತಿಳಿಯಬಹುದಾದ ಪ್ರಶ್ನೆ. 108ನೆಯ ಕಲಮಿನ ನಿಯಮವು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111ನೆಯ ಕಲಮಾಗಿ ಮುಂದುವರಿದಿದೆ. ಮರಳಿ ಬಂದವನ ಮಾತನ್ನು ಮೊದಲು ಯಾರು ಕೇಳಬೇಕೆಂಬುದನ್ನು ಅದೂ ಹೇಳುವುದಿಲ್ಲ.